ಸೆನ್ಸರ್ ಬದಲಿಸಿದರೂ ಘಾಟಿಯಲ್ಲಿ ಎಳೆಯುವುದಿಲ್ಲ: ಒಳಗೆ ಹೋದ ಗಾಳಿ ಎಷ್ಟು ಅಂತ ಇಂಜಿನಿಗೆ ಹೇಗೆ ಗೊತ್ತಾಗ್ತದೆ?

ಬದಿಯಡ್ಕದವ

ಎಲ್ಲರಿಗೂ ನಮಸ್ಕಾರ. ನನ್ನದು 2013ರ ಪೆಟ್ರೋಲ್ ಕಾರು, 1.5 ಲೀಟರ್, 1,10,000 ಕಿ.ಮೀ. ಓಡಿದೆ. ಮಳೆಗಾಲ ಮುಗಿಯುವ ಹೊತ್ತಿಗೆ ತೊಂದರೆ ಶುರುವಾಯಿತು. ಸ್ಟಾರ್ಟ್ ಏನೋ ಆಗ್ತದೆ, ಐಡ್ಲಿಂಗ್ ಮಾತ್ರ ನಿಲ್ಲುವುದಿಲ್ಲ. ಆರ್‌ಪಿಎಂ ಸೂಜಿ 600ಕ್ಕೆ ಇಳಿಯುವಾಗ ಇಡೀ ಗಾಡಿ ನಡುಗ್ತದೆ, ಮತ್ತೆ 900ಕ್ಕೆ ಏರ್ತದೆ. ಕಾಸರಗೋಡು ಪೇಟೆಯಲ್ಲಿ ಎರಡು ಸಲ ನಡು ರಸ್ತೆಯಲ್ಲೇ ಆಫ್ ಆಯಿತು. ಚೆಕ್ ಇಂಜಿನ್ ಲೈಟ್ ಹೊತ್ತಿಯೇ ಉಂಟು.

ಕಳೆದ ತಿಂಗಳು ಒಂದು ಗ್ಯಾರೇಜಿಗೆ ಕೊಟ್ಟೆ. ಸ್ಕ್ಯಾನರ್ ಹಾಕಿ ನೋಡಿ, ಏರ್ ಫ್ಲೋ ಸೆನ್ಸರ್ ಹೋಗಿದೆ ಅಂತ ಹೇಳಿ ಹೊಸದು ಹಾಕಿದರು. ಅದು ಬಂದದ್ದು ಬರೀ ಪ್ಲಾಸ್ಟಿಕ್ ತೊಟ್ಟೆಯಲ್ಲಿ, ಕಂಪೆನಿಯ ಡಬ್ಬ ಇರಲಿಲ್ಲ. ಹಳೆಯದನ್ನು ನಾನು ಕೇಳಿ ತೆಗೆದುಕೊಂಡೆ, ಈಗಲೂ ಗ್ಲೋವ್ ಬಾಕ್ಸಿನಲ್ಲಿ ಉಂಟು. ಎರಡು ದಿನ ಸರಿ ಇದ್ದ ಹಾಗೆ ಕಂಡಿತು, ಮೂರನೇ ದಿನ ಪುನಃ ಅದೇ ನಡುಕ. ಅದರ ಮೇಲೆ ಇನ್ನೊಂದು ಸೇರಿಕೊಂಡಿತು. ಮಗಳನ್ನು ಮಡಿಕೇರಿಗೆ ಬಿಡ್ಲಿಕ್ಕೆ ಹೋದಾಗ ಸಂಪಾಜೆ ದಾಟಿ ಘಾಟಿ ಹತ್ತುವಲ್ಲಿ ಪಿಕಪ್ಪೇ ಇಲ್ಲ. ಆಕ್ಸಲರೇಟರ್ ಪೂರ್ತಿ ಒತ್ತಿದರೆ ಬಾನೆಟ್ ಒಳಗಿಂದ ಕಲ್ಲು ಕುಟ್ಟಿದ ಹಾಗೆ ಟಕಟಕ ಶಬ್ದ. ಮೊದಲು ಹೀಗೆ ಇರಲೇ ಇಲ್ಲ.

ದುಡ್ಡು ಹೋದದ್ದಕ್ಕಿಂತ ಹೆಚ್ಚು ಬೇಜಾರಾದದ್ದು ಯಾರೂ ಸರಿಯಾಗಿ ಬಿಡಿಸಿ ಹೇಳದ್ದಕ್ಕೆ. ಆ ಸೆನ್ಸರ್ ನಿಜವಾಗಿ ಎಂತ ಅಳೀತದೆ? ಇನ್ನೊಂದು ವಿಷಯ. ನಮ್ಮ ಅಂಗಳದಲ್ಲೇ ನಿಲ್ಲುವ ಭಾವನ ಚಿಕ್ಕ ಕಾರಿನ ಬಾನೆಟ್ ತೆಗೆದು ನೋಡಿದೆ. ಅದರಲ್ಲಿ ಫಿಲ್ಟರ್ ಡಬ್ಬದ ಹತ್ತಿರ ಆ ಸೆನ್ಸರೇ ಇಲ್ಲ! ನನ್ನ ಕಾರಿಗೆ ಬೇಕೇ ಬೇಕಾದದ್ದು ಅದಕ್ಕೆ ಯಾಕೆ ಬೇಡ?

ಕುಂಬಳೆ ಗ್ಯಾರೇಜ್

ಅಣ್ಣಾ, ದಯಮಾಡಿ ಇನ್ನೊಂದು ಸೆನ್ಸರ್ ತೆಗೆದುಕೊಳ್ಳಬೇಡಿ. ಹಳೆಯದನ್ನು ಜೋಪಾನವಾಗಿ ಇಡಿ, ಬಟ್ಟೆಯಿಂದ ಒರೆಸಬೇಡಿ, ಬೆರಳು ತಾಗಿಸಬೇಡಿ.

ಬ್ಲೂಟೂತ್ ಸ್ಕ್ಯಾನರ್ ಯಾರ ಹತ್ತಿರವಾದರೂ ಇದ್ದರೆ ನನಗೆ ಮೂರು ಲೆಕ್ಕ ಬೇಕು. ಒಂದು, ಯಾವ ಕೋಡ್ ಬಂದಿದೆ. ಎರಡು, ಇಂಜಿನ್ ಬಿಸಿಯಾದ ಮೇಲೆ ಐಡ್ಲಿಂಗಿನಲ್ಲಿ ಲಾಂಗ್ ಟರ್ಮ್ ಫ್ಯುಯೆಲ್ ಟ್ರಿಮ್ (ಪೆಟ್ರೋಲ್ ಲೆಕ್ಕಕ್ಕೆ ಗಾಡಿ ತಾನೇ ಮಾಡಿಕೊಳ್ಳುವ ಶೇಕಡಾವಾರು ತಿದ್ದುಪಡಿ) ಎಷ್ಟು, ಹಾಗೆಯೇ ನಿಂತಲ್ಲೇ 2500ಕ್ಕೆ ರೇಸ್ ಮಾಡಿ ಹಿಡಿದಾಗ ಎಷ್ಟು. ಮೂರು, ಐಡ್ಲಿಂಗಿನಲ್ಲಿ ಏರ್ ಫ್ಲೋ ಸೆಕೆಂಡಿಗೆ ಎಷ್ಟು ಗ್ರಾಂ ತೋರಿಸ್ತದೆ. ಇದಿಷ್ಟು ಸಿಕ್ಕಿದರೆ ಬಾನೆಟ್ ತೆಗೆಯುವ ಮೊದಲೇ ಅರ್ಧ ದಾರಿ ಕಾಣ್ತದೆ.

ಬದಿಯಡ್ಕದವ

ನೆರೆಮನೆಯ ಹುಡುಗನ ಹತ್ತಿರ ಇತ್ತು. ಕೋಡ್ ಪಿ0171. ಟ್ರಿಮ್ ಐಡ್ಲಿಂಗಿನಲ್ಲಿ +19, 2500ರಲ್ಲಿ +7. ಏರ್ ಫ್ಲೋ ಐಡ್ಲಿಂಗಿನಲ್ಲಿ 1.9 ಗ್ರಾಂ. ಇದರ ಅರ್ಥ ಎಂತ ಅಂತ ಮಾತ್ರ ಗೊತ್ತಿಲ್ಲ.

ಮುಳ್ಳೇರಿಯ ಮಾಸ್ಟ್ರು

ರಿಪೇರಿಯ ದಾರಿಯನ್ನು ಕುಂಬಳೆಯವರು ಹೇಳುತ್ತಾರೆ. ನಾನು ಬುಡದಿಂದ ವಿಷಯ ಹೇಳುತ್ತೇನೆ. ಮೂವತ್ತು ವರ್ಷ ಮಕ್ಕಳಿಗೆ ಇಂಜಿನ್ ಕಲಿಸಿದವನು. ಈ ಪ್ರಶ್ನೆ ಯಾರು ಕೇಳಿದರೂ ನನಗೆ ಖುಷಿ, ಯಾಕೆಂದರೆ ಇಂಜಿನ್ ಅರ್ಥವಾಗಲು ಇದೇ ಬಾಗಿಲು.

ಪೆಟ್ರೋಲ್ ಪೂರ್ತಿಯಾಗಿ ಉರಿಯಲು 1 ಗ್ರಾಂ ಪೆಟ್ರೋಲಿಗೆ 14.7 ಗ್ರಾಂ ಗಾಳಿ ಬೇಕು. ಗ್ರಾಂ ಎಂಬುದನ್ನು ಗಮನಿಸಿ, ಲೀಟರ್ ಅಲ್ಲ. ಗಾಳಿಯ ವಿಷಯದಲ್ಲಿ ಲೀಟರಿಗೆ ಬೆಲೆ ಇಲ್ಲ. ಕಾಸರಗೋಡಿನ ಕಡಲ ಬದಿಯಲ್ಲಿ 32 ಡಿಗ್ರಿ ಸೆಕೆಯಲ್ಲಿ ಒಂದು ಸಾವಿರ ಲೀಟರ್ ಗಾಳಿಯ ತೂಕ ಸುಮಾರು 1.16 ಕೆ.ಜಿ. ಅದೇ ಸಾವಿರ ಲೀಟರ್ ಮಡಿಕೇರಿಯಲ್ಲಿ 22 ಡಿಗ್ರಿ ಚಳಿಗೆ ಸುಮಾರು 1.04 ಕೆ.ಜಿ. ಸಿಲಿಂಡರ್ ಅಷ್ಟೇ ದೊಡ್ಡದು, ಒಳಗೆ ಬಂದ ಗಾಳಿ ಮಾತ್ರ ಶೇಕಡಾ 10 ಕಡಿಮೆ. ಹಾಗಾಗಿ ಪೆಟ್ರೋಲ್ ಕೂಡ ಅಷ್ಟೇ ಕಡಿಮೆ ಹೋಗಬೇಕು. ಎಷ್ಟು ಕೊಡಬೇಕು ಎಂದು ತಿಳಿಯಲು ಇಂಜಿನಿನ ಕಂಪ್ಯೂಟರಿಗೆ, ಅಂದರೆ ಇಸಿಯುವಿಗೆ, ಗಾಳಿಯ ತೂಕ ಗೊತ್ತಿರಬೇಕು. ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ತೆರೆದಿರುವುದು ಐಡ್ಲಿಂಗಿನಲ್ಲಿ ಎರಡು ಮೂರು ಮಿಲಿಸೆಕೆಂಡ್. ಒಂದು ಸೆಕೆಂಡಿಗೆ ಇಪ್ಪತ್ತೈದು ಸಲ ಆ ತೀರ್ಮಾನ ಆಗಬೇಕು.

ತೂಕ ತಿಳಿಯಲು ಎರಡು ದಾರಿ. ಒಂದು, ಒಳಗೆ ಹೋಗುವ ದಾರಿಯಲ್ಲೇ ನೇರ ತೂಗುವುದು. ಇನ್ನೊಂದು, ಒಳಗೆ ಹೋಗಿ ನಿಂತ ಗಾಳಿಯ ಒತ್ತಡ ನೋಡಿ ಲೆಕ್ಕ ಹಾಕುವುದು. ನಿಮ್ಮ ಕಾರು ಮೊದಲನೆಯದು, ಭಾವನ ಕಾರು ಎರಡನೆಯದು.

ಮೊದಲನೆಯದರ ಹೆಸರು ಮಾಸ್ ಏರ್ ಫ್ಲೋ ಸೆನ್ಸರ್, ಗ್ಯಾರೇಜಿನಲ್ಲಿ ಮ್ಯಾಫ್. ಬಿಸಿ ಗಂಜಿಯ ಬಟ್ಟಲಿಗೆ ಊದಿದ್ದೀರಿ ಅಲ್ಲವೇ? ಮೆಲ್ಲ ಊದಿದರೆ ಮೆಲ್ಲ ತಣಿಯುತ್ತದೆ, ಜೋರು ಊದಿದರೆ ಬೇಗ ತಣಿಯುತ್ತದೆ. ಈಗ ಆ ಗಂಜಿ ತಣಿಯಲೇ ಬಾರದು, ಒಂದೇ ಬಿಸಿಯಲ್ಲಿ ಇರಬೇಕು ಎಂದು ಹಟ ಹಿಡಿಯಿರಿ. ಊದಿದಷ್ಟೂ ಕೆಳಗೆ ಸೌದೆ ತಳ್ಳಬೇಕು. ಎಷ್ಟು ಸೌದೆ ಮುಗಿಯಿತು ಎಂದು ನೋಡಿದರೆ ಎಷ್ಟು ಊದಿದರು ಎಂದು ಹೇಳಬಹುದು. ಮ್ಯಾಫ್ ಮಾಡುವುದು ಇದನ್ನೇ. ಒಂದು ಪ್ಲಾಟಿನಮ್ ತಂತಿ ಅಥವಾ ತೆಳು ಪದರ, ಅದನ್ನು ಹೊರಗಿನ ಗಾಳಿಗಿಂತ ನೂರು ಡಿಗ್ರಿಯಷ್ಟು ಹೆಚ್ಚು ಬಿಸಿಯಲ್ಲಿ ಹಿಡಿದಿರುತ್ತಾರೆ. ಗಾಳಿ ಹರಿದಷ್ಟೂ ಬಿಸಿ ಎತ್ತಿಕೊಂಡು ಹೋಗುತ್ತದೆ, ಬಿಸಿ ಕಾಯ್ದುಕೊಳ್ಳಲು ಕರೆಂಟ್ ಹೆಚ್ಚು ಬೇಕು. ಆ ಕರೆಂಟೇ ಅಳತೆ. ಇದರ ಚಂದ ಎಲ್ಲಿದೆ ಎಂದರೆ, ತೆಳು ಗಾಳಿ ಕಡಿಮೆ ಬಿಸಿ ಒಯ್ಯುತ್ತದೆ, ದಟ್ಟ ಗಾಳಿ ಹೆಚ್ಚು ಒಯ್ಯುತ್ತದೆ. ಹಾಗಾಗಿ ಮಡಿಕೇರಿಗೆ ಹೋದರೆ ಯಾರೂ ಹೇಳದೆಯೇ ಅದು ಕಡಿಮೆ ತೋರಿಸುತ್ತದೆ. ಎತ್ತರದ ಲೆಕ್ಕ ಬೇರೆ ಬೇಡ.

ಕಾಲದ ದೃಷ್ಟಿಯಿಂದ ಒತ್ತಡದ ದಾರಿಯೇ ಹಿರಿಯದು. 1967ರಲ್ಲಿ ಬಾಷ್ ಕಂಪೆನಿ ಡಿ-ಜೆಟ್ರಾನಿಕ್ ಎಂಬ ಪೆಟ್ರೋಲ್ ಇಂಜೆಕ್ಷನ್ ವ್ಯವಸ್ಥೆ ತಂದಾಗ ಅದು ನೋಡುತ್ತಿದ್ದುದು ಮ್ಯಾನಿಫೋಲ್ಡಿನ, ಅಂದರೆ ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆಯ, ಒತ್ತಡವನ್ನು. ಡಿ ಎಂದರೆ ಜರ್ಮನ್ ಭಾಷೆಯ ಡ್ರುಕ್, ಒತ್ತಡ. 70ರ ದಶಕದ ಎಲ್-ಜೆಟ್ರಾನಿಕ್‌ನ ಎಲ್ ಎಂದರೆ ಲುಫ್ಟ್, ಗಾಳಿ. ಅದರಲ್ಲಿ ಸ್ಪ್ರಿಂಗ್ ಇರುವ ಪುಟ್ಟ ಬಾಗಿಲನ್ನು ಗಾಳಿ ತಳ್ಳುತ್ತಿತ್ತು, ಬಾಗಿಲು ಎಷ್ಟು ತೆರೆಯಿತು ಎಂಬುದೇ ಅಳತೆ. ಆದರೆ ಬಾಗಿಲಿಗೆ ತೂಕ ಸರಿಯಾಗಿ ಗೊತ್ತಾಗುವುದಿಲ್ಲ, ಉಷ್ಣತೆಯ ತಿದ್ದುಪಡಿ ಬೇಕಿತ್ತು. ಬಿಸಿ ತಂತಿ ಬಂದದ್ದು 80ರ ದಶಕದ ಆರಂಭದಲ್ಲಿ. ಆಗಿನ ತಂತಿಗೆ ಧೂಳು ಅಂಟಿದರೆ ಸುಟ್ಟು ಹೋಗಲಿ ಎಂದು, ಇಂಜಿನ್ ಆಫ್ ಮಾಡಿದ ಮೇಲೆ ಒಂದು ಸೆಕೆಂಡ್ ಕೆಂಪಗೆ ಕಾಯಿಸುವ ಏರ್ಪಾಡು ಇತ್ತು.

ಇನ್ನೊಂದು ಬಗೆಯನ್ನೂ ಹೇಳದೆ ಇರಲಾರೆ, ನನಗೆ ಬಹಳ ಇಷ್ಟವಾದದ್ದು. ಪಯಸ್ವಿನಿ ಹೊಳೆಯಲ್ಲಿ ಕಂಬ ನೆಟ್ಟರೆ ಅದರ ಹಿಂದೆ ನೀರು ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಸುಳಿ ಬಿಡುವುದನ್ನು ನೋಡಿದ್ದೀರಾ? ಹರಿವು ಜೋರಾದರೆ ಸುಳಿಗಳು ಬೇಗ ಬೇಗ ಬೀಳುತ್ತವೆ. ಕೆಲವು ಜಪಾನಿ ಕಾರುಗಳು ಗಾಳಿಯ ದಾರಿಯಲ್ಲಿ ಅಂಥದೇ ಕಂಬ ಇಟ್ಟು, ಹಿಂದೆ ಬೀಳುವ ಸುಳಿಗಳನ್ನು ಎಣಿಸಿ ಗಾಳಿ ಅಳೆದವು. ಕಾರ್ಮನ್ ಸುಳಿ ಎಂದು ಅದರ ಹೆಸರು.

ಪಾಣತ್ತೂರು ಜೀಪ್

ಮಾಸ್ಟ್ರು ಹೇಳಿದ ಎತ್ತರದ ವಿಷಯ ನಾನು ಕಣ್ಣಾರೆ ಕಂಡದ್ದು. ಹಿಂದೆ ನನ್ನ ಹತ್ತಿರ ಕಾರ್ಬುರೇಟರಿನ ಪೆಟ್ರೋಲ್ ಜೀಪು ಇತ್ತು. ಪಾಣತ್ತೂರಿಂದ ಭಾಗಮಂಡಲಕ್ಕೆ ಹತ್ತುವಾಗ ಕೆಳಗೆ ಸರಿಯಾಗಿ ಟ್ಯೂನ್ ಮಾಡಿದ್ದು ಮೇಲೆ ಹೋಗುವಾಗ ಭಾರ ಆಗ್ತಿತ್ತು, ಸೈಲೆನ್ಸರಿನಲ್ಲಿ ಕಪ್ಪು ಹೊಗೆ, ಸ್ಪಾರ್ಕ್ ಪ್ಲಗ್ ಬಿಚ್ಚಿದರೆ ಮಸಿ. ಏರ್ ಸ್ಕ್ರೂ ತಿರುಗಿಸಿ ಸರಿ ಮಾಡಿಕೊಳ್ಳುವುದು, ಇಳಿದು ಬಂದ ಮೇಲೆ ಪುನಃ ಮೊದಲಿನ ಹಾಗೆ ಮಾಡುವುದು. ಅದು ಯಾಕೆ ಅಂತ ಇವತ್ತು ಗೊತ್ತಾಯಿತು.

ಮುಳ್ಳೇರಿಯ ಮಾಸ್ಟ್ರು

ಹೌದು. ಕಾರ್ಬುರೇಟರ್ ಗಾಳಿಯ ರಭಸದಿಂದ ಪೆಟ್ರೋಲ್ ಎಳೆಯುತ್ತದೆ. ಗಾಳಿ ಶೇಕಡಾ 10 ಹಗುರವಾದರೂ ಪೆಟ್ರೋಲ್ ಇಳಿಯುವುದು ಸುಮಾರು 5 ಮಾತ್ರ. ಉಳಿದ 5 ನಿಮ್ಮ ಹೊಗೆ.

ಪೆರ್ಲ, ಆಟೊಮೊಬೈಲ್ ಡಿಪ್ಲೊಮಾ

ಮಾಸ್ಟ್ರೇ ನಮಸ್ಕಾರ. ನಮ್ಮ ಮನೆಯಲ್ಲಿರುವುದು 796 ಸಿಸಿಯ ಮೂರು ಸಿಲಿಂಡರ್ ಕಾರು, ಮ್ಯಾನಿಫೋಲ್ಡ್ ಒತ್ತಡ ನೋಡುವ ಮ್ಯಾಪ್ ಸೆನ್ಸರಿನದ್ದು. ಪಾಠದಲ್ಲಿ ಈ ಒತ್ತಡದ ದಾರಿಗೆ ಸ್ಪೀಡ್ ಡೆನ್ಸಿಟಿ ಅಂತ ಒಂದು ಸಾಲು ಬಂದು ಹೋಯಿತು. ಒತ್ತಡ ನೋಡಿದರೆ ತೂಕ ಹೇಗೆ ಸಿಗ್ತದೆ ಅಂತ ಅಲ್ಲಿ ಬಿಡಿಸಿ ಹೇಳಲಿಲ್ಲ. ನಿನ್ನೆ ಸ್ಕ್ಯಾನರ್ ಹಾಕಿದಾಗ ಇನ್ನೊಂದು ವಿಚಿತ್ರ ಕಂಡೆ. ಕೀ ಆನ್ ಮಾಡಿ ಇಂಜಿನ್ ಸ್ಟಾರ್ಟ್ ಮಾಡದೆ ನೋಡಿದರೆ 100 ಕಿಲೋಪಾಸ್ಕಲ್. ಸ್ಟಾರ್ಟ್ ಮಾಡಿದ ಕೂಡಲೇ 34ಕ್ಕೆ ಇಳಿಯಿತು. ಇಂಜಿನ್ ಓಡುವಾಗ ಒತ್ತಡ ಹೆಚ್ಚಾಗಬೇಕಲ್ಲ, ಕಡಿಮೆ ಯಾಕೆ ಆಗ್ತದೆ?

ಮುಳ್ಳೇರಿಯ ಮಾಸ್ಟ್ರು

ಮಗಳೇ, ನೀನು ಕೀ ಆನ್ ಮಾಡಿ ಮೊದಲು ನೋಡಿದೆಯಲ್ಲ, ಅದು ಒಳ್ಳೆಯ ಬುದ್ಧಿ. ಇಂಜಿನ್ ನಿಂತಿರುವಾಗ ಮ್ಯಾನಿಫೋಲ್ಡಿನಲ್ಲಿ ಇರುವುದು ಊರಿನ ಗಾಳಿಯೇ. ಆಗ ಸೆನ್ಸರ್ ತೋರಿಸುವುದು ಹೊರಗಿನ ವಾತಾವರಣದ ಒತ್ತಡ. ಅದೇ ಕಾರನ್ನು ಮಡಿಕೇರಿಗೆ ಒಯ್ದು ಕೀ ಆನ್ ಮಾಡು, 88ರ ಆಸುಪಾಸು ಬರುತ್ತದೆ. ಸ್ಟಾರ್ಟ್ ಮಾಡುವ ಮೊದಲ ಕ್ಷಣದಲ್ಲಿ ಇಸಿಯು ಇದನ್ನು ಓದಿ ತಾನು ಎಷ್ಟು ಎತ್ತರದಲ್ಲಿದ್ದೇನೆ ಎಂದು ತಿಳಿದುಕೊಳ್ಳುತ್ತದೆ.

ಇಂಜಿನ್ ಓಡುವಾಗ ಪಿಸ್ಟನ್‌ಗಳು ಗಾಳಿ ಎಳೆಯುತ್ತವೆ, ಆದರೆ ಐಡ್ಲಿಂಗಿನಲ್ಲಿ ಥ್ರಾಟಲ್, ಅಂದರೆ ಆಕ್ಸಲರೇಟರ್ ಒತ್ತಿದರೆ ತೆರೆಯುವ ಗಾಳಿಯ ಬಾಗಿಲು, ಬಹುಪಾಲು ಮುಚ್ಚಿದೆ. ಸ್ಟ್ರಾದ ಬಾಯಿಯನ್ನು ಬೆರಳಲ್ಲಿ ಒತ್ತಿ ಹಿಡಿದು ಚೀಪಿದ ಹಾಗೆ. ಹಾಗಾಗಿ ಒಳಗೆ ಒತ್ತಡ ಬೀಳುತ್ತದೆ. 34 ಸರಿಯಾದ ಲೆಕ್ಕವೇ.

ಈಗ ತೂಕ. ಗಾಳಿಯ ತೂಕಕ್ಕೆ ಮೂರು ವಿಷಯ ಸಾಕು: ಒತ್ತಡ, ಉಷ್ಣತೆ, ಪಾತ್ರೆಯ ಗಾತ್ರ. ಹತ್ತನೇ ತರಗತಿ ದಾಟಿದ ಮೇಲೆ ಕಲಿತ ಅನಿಲ ನಿಯಮ ಇದೇ. ಒತ್ತಡ ಹೇಳುವುದು ಮ್ಯಾಪ್ ಸೆನ್ಸರ್. ಅದರೊಳಗೆ ಸಿಲಿಕಾನಿನ ಒಂದು ತೆಳು ಪೊರೆ ಇದೆ, ಪೊರೆಯ ಒಂದು ಬದಿ ನಿರ್ವಾತ, ಇನ್ನೊಂದು ಬದಿ ಮ್ಯಾನಿಫೋಲ್ಡಿನ ಗಾಳಿ. ಒತ್ತಡಕ್ಕೆ ತಕ್ಕ ಹಾಗೆ ಪೊರೆ ಬಾಗುತ್ತದೆ, ಅದರ ಮೇಲಿನ ರೆಸಿಸ್ಟೆನ್ಸ್ ಬದಲಾಗುತ್ತದೆ, 5 ವೋಲ್ಟ್ ಒಳಗಿನ ಒಂದು ಸಿಗ್ನಲ್ ಹೊರಬರುತ್ತದೆ. ಉಷ್ಣತೆ ಹೇಳಲು ಇನ್‌ಟೇಕ್ ಏರ್ ಟೆಂಪರೇಚರ್ ಸೆನ್ಸರ್, ಈಗಿನ ಗಾಡಿಗಳಲ್ಲಿ ಎರಡೂ ಒಂದೇ ತುಂಡಿನಲ್ಲಿ. ಗಾತ್ರ ಗೊತ್ತೇ ಇದೆ: 796ನ್ನು ಮೂರರಿಂದ ಭಾಗಿಸಿದರೆ ಸಿಲಿಂಡರ್ ಒಂದಕ್ಕೆ 265 ಸಿಸಿ. ಸಿಲಿಂಡರ್ ಪೂರ್ತಿ ತುಂಬಿತು ಎಂದುಕೊಂಡರೆ 265 ಸಿಸಿ ಊರಿನ ಗಾಳಿಯ ತೂಕ ಸುಮಾರು 0.3 ಗ್ರಾಂ. ಅದನ್ನು 14.7ರಿಂದ ಭಾಗಿಸು, ಪೆಟ್ರೋಲ್ 20 ಮಿಲಿಗ್ರಾಂ. ಒಂದು ಎಳ್ಳಿಗೆ 3 ಮಿಲಿಗ್ರಾಂ ಎಂದು ಹಿಡಿದರೆ ಆರೇಳು ಎಳ್ಳಿನ ತೂಕದ ಪೆಟ್ರೋಲ್.

ಆದರೆ ಪೂರ್ತಿ ತುಂಬುವುದಿಲ್ಲ. ಬಾವಿಗೆ ಕೊಡಪಾನ ಬಿಟ್ಟು, ಅದು ಮುಳುಗುವ ಮೊದಲೇ ಎಳೆದುಬಿಟ್ಟರೆ ಅರ್ಧ ನೀರು ಬರುತ್ತದೆಯಲ್ಲ? ಹಾಗೆಯೇ ವಾಲ್ವ್ ತೆರೆದು ಮುಚ್ಚುವಷ್ಟರಲ್ಲಿ ಎಷ್ಟು ಗಾಳಿ ನುಗ್ಗಿತು ಎಂಬುದು ಆರ್‌ಪಿಎಂ ಮೇಲೆ, ವಾಲ್ವ್ ಟೈಮಿಂಗ್ ಮೇಲೆ ಹೋಗುತ್ತದೆ. ಇದಕ್ಕೆ ವಾಲ್ಯೂಮೆಟ್ರಿಕ್ ಎಫಿಶಿಯೆನ್ಸಿ ಎನ್ನುತ್ತಾರೆ. ಕಾರು ತಯಾರಿಸುವವರು ಇಂಜಿನನ್ನು ಬೆಂಚಿನ ಮೇಲೆ ಓಡಿಸಿ, ಪ್ರತಿಯೊಂದು ಆರ್‌ಪಿಎಂಗೆ, ಪ್ರತಿಯೊಂದು ಒತ್ತಡಕ್ಕೆ ಅಳೆದು ಕೋಷ್ಟಕ ಮಾಡಿ ಇಸಿಯುವಿನಲ್ಲಿ ಇಟ್ಟಿದ್ದಾರೆ. ಅಲ್ಲೇ ಈ ದಾರಿಯ ದುರ್ಬಲತೆಯೂ ಇದೆ. ವಾಲ್ವ್ ಸವೆದರೆ, ಸೈಲೆನ್ಸರ್ ಕಟ್ಟಿಕೊಂಡರೆ ಕೋಷ್ಟಕ ಹಳೆಯದೇ, ಇಂಜಿನ್ ಬೇರೆಯೇ. ಮ್ಯಾಫ್‌ಗೆ ಆ ಚಿಂತೆ ಇಲ್ಲ, ಅದು ನಿಜವಾಗಿ ಹೋದದ್ದನ್ನು ತೂಗುತ್ತದೆ. ಬದಲಿಗೆ ಮ್ಯಾಪ್ ಅಗ್ಗ, ಗಟ್ಟಿ, ಧೂಳಿಗೆ ಹೆದರುವುದಿಲ್ಲ. ಚಿಕ್ಕ ಕಾರುಗಳಲ್ಲಿ, 2020ರ ಬಿಎಸ್ 6ರ ನಂತರದ ಸ್ಕೂಟರ್ ಬೈಕುಗಳಲ್ಲಿ ಅದೇ ಹೆಚ್ಚು.

ಎರಡೂ ದಾರಿಯ ತಪ್ಪನ್ನು ಹಿಡಿಯುವವನು ಸೈಲೆನ್ಸರ್ ಪೈಪಿನಲ್ಲಿ ಕುಳಿತ ಆಕ್ಸಿಜನ್ ಸೆನ್ಸರ್. 1976ರಲ್ಲಿ ವೋಲ್ವೊ ಕಾರಿನಲ್ಲಿ ಮೊದಲು ಬಂದದ್ದು. ಉರಿದ ಮೇಲೆ ಆಕ್ಸಿಜನ್ ಉಳಿದಿದೆಯೇ ಎಂದು ಮೂಸಿ ನೋಡಿ ಹೇಳುತ್ತದೆ. ಉಳಿದಿದ್ದರೆ ಇಸಿಯು ಪೆಟ್ರೋಲ್ ಸೇರಿಸುತ್ತದೆ, ಆ ಸೇರಿಸಿದ್ದೇ ಟ್ರಿಮ್. ನಮ್ಮ ಜೂನ್ ತಿಂಗಳ ಗಾಳಿಯಲ್ಲಿ ಶೇಕಡಾ 3ರಿಂದ 4 ನೀರಿನ ಆವಿಯೇ ಇರುತ್ತದೆ. ಮ್ಯಾಫ್ ಆಗಲಿ ಮ್ಯಾಪ್ ಆಗಲಿ ಅದನ್ನೂ ಗಾಳಿ ಎಂದೇ ಎಣಿಸುತ್ತದೆ, ತಿದ್ದುವುದು ಆಕ್ಸಿಜನ್ ಸೆನ್ಸರ್.

ಕುಂಬಳೆ ಗ್ಯಾರೇಜ್

ಮಾಸ್ಟ್ರು ಹೇಳಿದ ಮೇಲೆ ನನ್ನ ಕೆಲಸ ಸುಲಭ. ಬದಿಯಡ್ಕದ ಅಣ್ಣನ ಲೆಕ್ಕ ನೋಡಿ. ಪಿ0171 ಅಂದರೆ ಗಾಳಿಯ ಲೆಕ್ಕಕ್ಕೆ ಪೆಟ್ರೋಲ್ ಕಡಿಮೆ ಅಂತ. ಐಡ್ಲಿಂಗಿನಲ್ಲಿ +19 ಅಂದರೆ, ಮ್ಯಾಫ್ ಹೇಳಿದ್ದಕ್ಕಿಂತ ಶೇಕಡಾ 19 ಹೆಚ್ಚು ಪೆಟ್ರೋಲ್ ಕೊಡದಿದ್ದರೆ ಸರಿಯಾಗಿ ಉರಿಯುವುದಿಲ್ಲ. ಅಂದರೆ ಮ್ಯಾಫ್ ಕಾಣದ ಗಾಳಿ ಎಲ್ಲಿಂದಲೋ ನುಗ್ಗುತ್ತಾ ಉಂಟು. 2500ರಲ್ಲಿ +7ಕ್ಕೆ ಇಳಿದದ್ದು ಯಾಕೆ? ತೂತಿನ ಗಾತ್ರ ಅಷ್ಟೇ. ಐಡ್ಲಿಂಗಿನ ಎರಡು ಗ್ರಾಂ ಗಾಳಿಯಲ್ಲಿ ಕಳ್ಳಗಾಳಿಯ ಪಾಲು ದೊಡ್ಡದು, ರೇಸ್ ಮಾಡಿದಾಗ ಹೆಚ್ಚು ಗಾಳಿಯ ನಡುವೆ ಅದು ಸಣ್ಣದಾಗ್ತದೆ. ಸೆನ್ಸರೇ ಕೆಟ್ಟದ್ದಾದರೆ ಸಾಮಾನ್ಯವಾಗಿ ಹೀಗೆ ಇಳಿಯುವುದಿಲ್ಲ, ಲೋಡ್ ಹೆಚ್ಚಾದಷ್ಟೂ ಟ್ರಿಮ್ ಏರ್ತದೆ.

ಹುಡುಕಬೇಕಾದ ಜಾಗ: ಮ್ಯಾಫ್ ಮತ್ತು ಇಂಜಿನ್ ನಡುವೆ. ಮೊದಲು ನೋಡುವುದು ಮ್ಯಾಫಿನಿಂದ ಥ್ರಾಟಲ್ ಬಾಡಿಗೆ ಹೋಗುವ ರಬ್ಬರಿನ ಬೆಲ್ಲೋಸ್ ಹೋಸ್. ಹತ್ತು ವರ್ಷ ಬಿಸಿ ತಿಂದ ರಬ್ಬರ್, ಮಡಿಕೆಯ ಒಳಗೆ ಸೀಳು ಬಿಟ್ಟಿರ್ತದೆ, ಮೇಲಿಂದ ನೋಡಿದರೆ ಕಾಣುವುದಿಲ್ಲ. ಬಿಚ್ಚಿ ಕೈಯಲ್ಲಿ ಎಳೆದು, ಬಗ್ಗಿಸಿ, ಅಡಿಭಾಗವನ್ನು ಟಾರ್ಚಿನಲ್ಲಿ ನೋಡಿ. ಆಮೇಲೆ ಕ್ಲಾಂಪುಗಳು, ಸಣ್ಣ ವ್ಯಾಕ್ಯೂಮ್ ಹೋಸುಗಳು, ಮ್ಯಾನಿಫೋಲ್ಡ್ ಗ್ಯಾಸ್ಕೆಟ್.

ಫಿಲ್ಟರ್ ಡಬ್ಬದ ಕ್ಲಿಪ್ ಸರಿ ಕೂರದಿದ್ದರೂ ಗಾಳಿ ಒಳಗೆ ಬರ್ತದೆ, ಆದರೆ ಅದು ಮ್ಯಾಫಿನ ಮೊದಲು ಸೇರುವುದರಿಂದ ಅಳತೆಗೆ ಸಿಗ್ತದೆ, ಟ್ರಿಮ್ ಏರುವುದಿಲ್ಲ. ಅಲ್ಲಿಯ ತೊಂದರೆ ಬೇರೆ: ಫಿಲ್ಟರ್ ಆಗದ ಧೂಳು ನೇರ ಸೆನ್ಸರಿಗೆ ಬಡೀತದೆ. ಹೆದ್ದಾರಿ ಆರು ಲೇನ್ ಮಾಡುವ ಕೆಲಸದ ವರ್ಷಗಳಲ್ಲಿ ತಲಪ್ಪಾಡಿಯಿಂದ ಈಚೆಗೆ ಓಡಾಡಿದ ಗಾಡಿಗಳ ಫಿಲ್ಟರ್ ಬಿಚ್ಚಿದರೆ ಮುರಕಲ್ಲಿನ ಕೆಂಪು ಹುಡಿ ಮುಷ್ಟಿಗಟ್ಟಲೆ ಉದುರ್ತಿತ್ತು.

ಇನ್ನೊಂದು ಮಾತು. ಇದೇ ಸೀಳು ಭಾವನ ಕಾರಿನಲ್ಲಿ ಥ್ರಾಟಲಿನ ಮೊದಲು ಬಿದ್ದರೆ ಎಂತದೂ ಗೊತ್ತಾಗುವುದಿಲ್ಲ. ಥ್ರಾಟಲಿನ ನಂತರ ಬಿದ್ದರೆ ಐಡ್ಲಿಂಗ್ ಏರ್ತದೆ, ಯಾಕೆಂದರೆ ಕಳ್ಳಗಾಳಿಯ ಒತ್ತಡವೂ ಮ್ಯಾಪ್‌ಗೆ ಕಾಣ್ತದೆ, ಅದಕ್ಕೂ ಪೆಟ್ರೋಲ್ ಕೊಡ್ತದೆ. ಈ ವ್ಯತ್ಯಾಸ ಗೊತ್ತಿಲ್ಲದೆ ಎರಡು ಬಗೆಯ ಗಾಡಿಗೂ ಒಂದೇ ಮದ್ದು ಮಾಡಿದರೆ ಪಾರ್ಟ್ ಮೇಲೆ ಪಾರ್ಟ್ ಬದಲಿಸುವುದೇ ಆಗ್ತದೆ.

ಉಪ್ಪಳ, ಈಗ ಶಾರ್ಜಾ

ನಾನು ಇಲ್ಲಿ ವರ್ಕ್‌ಶಾಪಿನಲ್ಲಿ ಹದಿನಾಲ್ಕು ವರ್ಷದಿಂದ ಇದ್ದೇನೆ. ಮರಳುಗಾಳಿಯ ಊರು, ಮ್ಯಾಫ್ ಕೇಸು ವಾರಕ್ಕೆ ಮೂರು ನಾಲ್ಕಾದರೂ ಬರ್ತದೆ. ಬೇಸಿಗೆಯಲ್ಲಿ 46 ಡಿಗ್ರಿ ಆಗುವಾಗ ಗಾಳಿ ನಮ್ಮ ಊರಿಗಿಂತಲೂ ಶೇಕಡಾ 4–5 ಹಗುರ, ಗಾಡಿ ಸೋತ ಹಾಗೆ ಅನಿಸುವುದು ಸಹಜ, ಅದು ಕಾಯಿಲೆ ಅಲ್ಲ.

ಎರಡು ಎಚ್ಚರಿಕೆ ಹೇಳ್ತೇನೆ. ತೊಳೆದು ಎಣ್ಣೆ ಹಚ್ಚುವ ಬಟ್ಟೆಯ ಫಿಲ್ಟರ್ ಹಾಕಿದವರು ಎಣ್ಣೆ ಜಾಸ್ತಿ ಹಚ್ಚಿದರೆ ಅದು ಹಾರಿ ಹೋಗಿ ಮ್ಯಾಫ್ ಪದರಕ್ಕೆ ಅಂಟ್ತದೆ. ಅದರ ಮೇಲೆ ಧೂಳು ಕೂತರೆ ಕಂಬಳಿ ಹೊದಿಸಿದ ಹಾಗೆ, ಗಾಳಿ ಹೋದರೂ ಬಿಸಿ ಬಿಡುವುದಿಲ್ಲ, ಅಳತೆ ಕಡಿಮೆ ಬರ್ತದೆ. ಎರಡನೆಯದು, ಸ್ವಚ್ಛ ಮಾಡುವುದಾದರೆ ಮ್ಯಾಫ್ ಕ್ಲೀನರ್ ಅಂತಲೇ ಸ್ಪ್ರೇ ಸಿಗ್ತದೆ, ಅದು ಮಾತ್ರ. ಕಾರ್ಬುರೇಟರ್ ಕ್ಲೀನರ್ ಬೇಡ, ಇಯರ್ ಬಡ್ ಬೇಡ, ಕಂಪ್ರೆಸರಿನ ಗಾಳಿ ಹೊಡೆಯುವುದೂ ಬೇಡ, ಆ ಪದರ ಅಷ್ಟು ನಾಜೂಕು. ಸೆನ್ಸರ್ ಬಿಚ್ಚಿ ದೂರದಿಂದ ಹತ್ತು ಹದಿನೈದು ಸಲ ಸ್ಪ್ರೇ ಮಾಡಿ, ತಾನಾಗಿ ಒಣಗಲು ಬಿಡಿ, ಆಮೇಲೆ ಹಾಕಿ.

ತೊಟ್ಟೆಯಲ್ಲಿ ಬಂದ ಸೆನ್ಸರಿನ ಬಗ್ಗೆ ನನಗೆ ಸಂಶಯ ಉಂಟು. ಡುಪ್ಲಿಕೇಟ್ ಮಾಲು ಐಡ್ಲಿಂಗಿನಲ್ಲಿ ಸರಿಯೇ ತೋರಿಸ್ತದೆ, ಗಾಳಿ ಜೋರಾದಾಗ ತಪ್ಪಿ ಹೋಗ್ತದೆ. ಘಾಟಿಯ ಟಕಟಕ ಅದರದ್ದೇ ಇರಬಹುದು.

ಬದಿಯಡ್ಕದವ

ಸಿಕ್ಕಿತು! ಕಳೆದ ವಾರ ಒಂದು ಮಧ್ಯಾಹ್ನ ಊಟ ಆದ ಮೇಲೆ ಅಂಗಳದಲ್ಲೇ ಬೆಲ್ಲೋಸ್ ಬಿಚ್ಚಿದೆ. ಮೇಲಿಂದ ನೋಡಿದರೆ ಹೊಸದರ ಹಾಗೆ ಕಪ್ಪಗೆ ಉಂಟು. ತಿರುಗಿಸಿ ಅಡಿಯ ಮಡಿಕೆಯನ್ನು ಎರಡು ಹೆಬ್ಬೆರಳಲ್ಲಿ ಅಗಲಿಸಿದೆ, ಕಿರುಬೆರಳಿನ ಉದ್ದದ ಸೀಳು ಬಾಯಿ ಬಿಟ್ಟಿತು. ಕೈ ಬಿಟ್ಟ ಕೂಡಲೇ ಮುಚ್ಚಿಕೊಳ್ತದೆ, ಗೆರೆ ಕೂಡ ಕಾಣುವುದಿಲ್ಲ. ಇಂಜಿನ್ ನಡುಗಿದಾಗ ಅದು ತೆರೆದು ಮುಚ್ಚಿ ಆಗ್ತಿತ್ತು ಅಂತ ಕಾಣ್ತದೆ. ಸೀಳಿನ ಅಂಚಿಗೆ ಕೆಂಪು ಹುಡಿ ಅಂಟಿಕೊಂಡಿತ್ತು. ಇಷ್ಟು ದಿನ ಅಲ್ಲಿಂದ ಫಿಲ್ಟರ್ ಇಲ್ಲದ ಗಾಳಿ ಒಳಗೆ ಹೋಗಿದೆ ಅಂತ ನೆನೆಸಿಕೊಂಡರೆ ಸಂಕಟ ಆಗ್ತದೆ.

ಮಂಗಳೂರಿಂದ ಹೊಸ ಹೋಸ್ ತರಿಸಿದೆ. ಹಾಕಿ ಕೋಡ್ ಅಳಿಸಿ ಮೂರು ದಿನ ಓಡಿಸಿದೆ. ಐಡ್ಲಿಂಗ್ 750ರಲ್ಲಿ ಕದಲದೆ ನಿಂತಿದೆ. ಏರ್ ಫ್ಲೋ 2.3, ಟ್ರಿಮ್ +4. ಆದರೆ ಸೀತಾಂಗೋಳಿಯ ಏರಿನಲ್ಲಿ ಜೋರು ಒತ್ತಿದರೆ ಟಕಟಕ ಶಬ್ದ ಇನ್ನೂ ಉಂಟು, ಆಗ ಟ್ರಿಮ್ +13.

ಕುಂಬಳೆ ಗ್ಯಾರೇಜ್

+4 ಬಗ್ಗೆ ಹೆದರಬೇಡಿ. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20 ಎಥೆನಾಲ್ ಉಂಟು. ಅದಕ್ಕೆ 14.7 ಅಲ್ಲ, ಸುಮಾರು 13.5 ಗ್ರಾಂ ಗಾಳಿಗೆ 1 ಗ್ರಾಂ ಬೇಕು. ಹಳೆ ಗಾಡಿ ಟ್ರಿಮ್ ಏರಿಸಿಯೇ ಸರಿ ಮಾಡಿಕೊಳ್ಬೇಕು.

ಲೋಡಿನಲ್ಲಿ +13 ಆಗುವುದು ಈಗ ಸೆನ್ಸರಿನದ್ದೇ ತಪ್ಪು. ಪರೀಕ್ಷೆ ಹೇಳ್ತೇನೆ: ಖಾಲಿ ರಸ್ತೆ, ಪಕ್ಕದಲ್ಲಿ ಒಬ್ಬರು ಸ್ಕ್ಯಾನರ್ ನೋಡ್ಲಿಕ್ಕೆ ಕೂರಬೇಕು. ಎರಡನೇ ಗೇರಿನಲ್ಲಿ ಪೂರ್ತಿ ಒತ್ತಿ 5000 ಮುಟ್ಟಿದಾಗ ಎಷ್ಟು ಗ್ರಾಂ ಅಂತ ನೋಡಿ. ಬರಬೇಕಾದದ್ದು ಲೆಕ್ಕ ಹಾಕಬಹುದು. 1.5 ಲೀಟರ್ ಇಂಜಿನ್ ಒಂದು ಸುತ್ತಿಗೆ ಎಳೆಯುವುದು 0.75 ಲೀಟರ್. 5000 ಅಂದರೆ ಸೆಕೆಂಡಿಗೆ 83 ಸುತ್ತು, 62 ಲೀಟರ್. ಲೀಟರಿಗೆ 1.15 ಗ್ರಾಂ, ತುಂಬುವುದು ಶೇಕಡಾ 90. ಸುಮಾರು 64–65 ಗ್ರಾಂ ಬರಬೇಕು.

ಆ ಶಬ್ದದ ಕಾರಣವೂ ಇದರಲ್ಲೇ ಉಂಟು. ಮ್ಯಾಫ್ ಲೆಕ್ಕದಿಂದ ಇಸಿಯು ಪೆಟ್ರೋಲ್ ಮಾತ್ರ ಅಲ್ಲ, ಸ್ಪಾರ್ಕಿನ ಸಮಯವನ್ನೂ ನಿರ್ಧಾರ ಮಾಡ್ತದೆ. ಗಾಳಿ ಕಡಿಮೆ ಅಂತ ಸುಳ್ಳು ಲೆಕ್ಕ ಸಿಕ್ಕಿದರೆ ಲೋಡ್ ಇಲ್ಲ ಅಂತ ತಿಳಿದು ಸ್ಪಾರ್ಕನ್ನು ಬೇಗ ಕೊಡ್ತದೆ. ಪೂರ್ತಿ ಒತ್ತಿದಾಗ ಪೆಟ್ರೋಲ್ ಹೆಚ್ಚು ಬೇಕು, 12.5ಕ್ಕೋ 13ಕ್ಕೋ 1 ಇರಬೇಕು, ಅದೂ ಸಿಗುವುದಿಲ್ಲ. ಎರಡೂ ಸೇರಿ ಆ ಟಕಟಕ, ಅದಕ್ಕೇ ನಾಕಿಂಗ್ ಅನ್ನುವುದು. ಹಾಗೆಯೇ ಘಾಟಿ ಹತ್ತಿಸಿದರೆ ಪಿಸ್ಟನಿಗೆ ಪೆಟ್ಟು. ಸರಿಯಾಗುವ ತನಕ ದಯಮಾಡಿ ಜೋರು ಒತ್ತಬೇಡಿ, ಪರೀಕ್ಷೆಯೂ ಒಂದೇ ಸಲ ಸಾಕು.

ಬದಿಯಡ್ಕದವ

ಬೆಳಿಗ್ಗೆ ಆರು ಗಂಟೆಗೆ ಭಾವನನ್ನು ಕೂರಿಸಿಕೊಂಡು ಹೋದೆ. 47 ಗ್ರಾಂ ಬಂತು. ಮನೆಗೆ ಬಂದು ಗ್ಲೋವ್ ಬಾಕ್ಸಿನ ಹಳೆ ಸೆನ್ಸರನ್ನು ಶಾರ್ಜಾದವರು ಹೇಳಿದ ಹಾಗೆ ಸ್ಪ್ರೇ ಮಾಡಿ, ಒಂದು ಗಂಟೆ ಒಣಗಿಸಿ ಹಾಕಿದೆ. ಅದೇ ರಸ್ತೆ, ಅದೇ ಗೇರು: 64! ಶಬ್ದ ಇಲ್ಲ. ಹಳೆ ಸೆನ್ಸರ್ ಹೋಗಿಯೇ ಇರಲಿಲ್ಲ.

ಸಂಜೆ ಇನ್ನೊಂದು ನೋಡಿದೆವು, ಕುಂಬಳೆಯವರು ಹೇಳಿದ ವ್ಯತ್ಯಾಸ ನಿಜವಾ ಅಂತ. ಎರಡು ಕಾರನ್ನೂ ಪಕ್ಕ ಪಕ್ಕ ನಿಲ್ಲಿಸಿ ಐಡ್ಲಿಂಗಿನಲ್ಲಿ ಬಿಟ್ಟು, ಎರಡರಿಂದಲೂ ಥ್ರಾಟಲಿನ ನಂತರದ ಒಂದೊಂದು ಸಣ್ಣ ವ್ಯಾಕ್ಯೂಮ್ ಹೋಸ್ ಎಳೆದೆವು. ನನ್ನದು ನಡುಗಿತು, ಟ್ರಿಮ್ ಏರುತ್ತಾ ಹೋಯಿತು. ಭಾವನದ್ದು ನಡುಗಲಿಲ್ಲ, 850ರಿಂದ 1300ಕ್ಕೆ ಏರಿ ಅಲ್ಲೇ ನಿಂತಿತು, ಟ್ರಿಮ್ ಹೆಚ್ಚು ಕದಲಲಿಲ್ಲ. ಒಂದೇ ತೂತು, ಒಂದು ಕಾರಿಗೆ ಅದು ಕಾಣುವುದಿಲ್ಲ, ಇನ್ನೊಂದಕ್ಕೆ ಕಾಣ್ತದೆ. ಮನೆಯ ಮಕ್ಕಳೂ ಬಂದು ನಿಂತು ನೋಡಿದರು.

ಹೊಸಂಗಡಿ ಪಿಕಪ್

ನನ್ನದು ಡೀಸೆಲ್. ಅದರಲ್ಲೂ ಮ್ಯಾಫ್ ಉಂಟು. ಡೀಸೆಲಿಗೆ 14.7 ಲೆಕ್ಕ ಇಲ್ಲ ಅಂತಾರೆ, ಹಾಗಾದರೆ ಅದು ಯಾಕೆ?

ಮುಳ್ಳೇರಿಯ ಮಾಸ್ಟ್ರು

ಡೀಸೆಲಿನಲ್ಲಿ ಗಾಳಿ ಯಾವಾಗಲೂ ಬೇಕಾದ್ದಕ್ಕಿಂತ ಹೆಚ್ಚೇ ಹೋಗುತ್ತದೆ, ಶಕ್ತಿಯನ್ನು ಡೀಸೆಲ್ ಪ್ರಮಾಣವೇ ನಿರ್ಧರಿಸುತ್ತದೆ. ಅಲ್ಲಿ ಮ್ಯಾಫಿನ ಮುಖ್ಯ ಕೆಲಸ, ಸುಟ್ಟ ಹೊಗೆಯನ್ನು ಮರಳಿ ಒಳಗೆ ಬಿಡುವ ಇಜಿಆರ್ ವಾಲ್ವ್ ಎಷ್ಟು ತೆರೆಯಬೇಕು ಎಂದು ನೋಡಿಕೊಳ್ಳುವುದು. ಹೊಗೆ ಒಳಗೆ ಬಂದಷ್ಟೂ ಹೊಸ ಗಾಳಿ ಕಡಿಮೆಯಾಗುತ್ತದೆ, ಆ ಕಡಿಮೆಯನ್ನು ಮ್ಯಾಫ್ ಕಾಣುತ್ತದೆ. ಜೊತೆಗೆ, ಗಾಳಿಗೆ ಮೀರಿ ಡೀಸೆಲ್ ಹೋಗಿ ಕಪ್ಪು ಹೊಗೆ ಬರದ ಹಾಗೆ ಮಿತಿ ಹಾಕಲು ಅದರ ಲೆಕ್ಕ ಬೇಕು.

ಬದಿಯಡ್ಕದವ

ನಿನ್ನೆ ಮಗಳನ್ನು ಕರೆದುಕೊಂಡು ಬರಲು ಮಡಿಕೇರಿಗೆ ಹೋಗಿ ಬಂದೆ. ಸಂಪಾಜೆ ಘಾಟಿಯನ್ನು ಮೂರನೇ ಗೇರಿನಲ್ಲಿ ಆರಾಮ ಹತ್ತಿತು. ಮೇಲೆ ಪೇಟೆಯ ಹೊರಗಿನ ಏರಿನಲ್ಲಿ ಎರಡನೇ ಗೇರ್, 5000: 58 ಗ್ರಾಂ. ಊರಲ್ಲಿ 64. ಮಾಸ್ಟ್ರು ಹೇಳಿದ ಶೇಕಡಾ 10 ಅಲ್ಲೇ ಸ್ಕ್ಯಾನರಿನಲ್ಲಿ ಕಂಡಿತು. ಮಗಳಿಗೆ ತೋರಿಸಿ ಗಂಜಿ ಬಟ್ಟಲಿನ ಕಥೆ ಹೇಳಿದೆ, ಸುಳ್ಯ ತಲುಪುವ ತನಕ ಪ್ರಶ್ನೆ ಕೇಳ್ತಾ ಬಂದಳು.

ಮಾಸ್ಟ್ರೇ, ಆ ತೊಟ್ಟೆಯ ಸೆನ್ಸರ್ ನನ್ನ ಹತ್ತಿರ ಹಾಗೇ ಉಂಟು. ನಿಮ್ಮ ಮಕ್ಕಳಿಗೆ ಬಿಚ್ಚಿ ತೋರಿಸ್ಲಿಕ್ಕೆ ಬೇಕಾದರೆ ಹೇಳಿ, ಸೀಳಿದ ಬೆಲ್ಲೋಸ್ ಕೂಡ ಎತ್ತಿಟ್ಟಿದ್ದೇನೆ.

ಮುಳ್ಳೇರಿಯ ಮಾಸ್ಟ್ರು

ಖಂಡಿತ ಬೇಕು, ಎರಡೂ. ಭಾನುವಾರ ಮನೆಯಲ್ಲೇ ಇರುತ್ತೇನೆ. ಪೆರ್ಲದ ಮಗಳೂ ಬರುವುದಾದರೆ ನನ್ನ ಹತ್ತಿರ ಒಂದು ಹಳೆ ಬಾಗಿಲಿನ ಮೀಟರ್ ಇದೆ, ಮುಚ್ಚಳ ತೆಗೆದು ಸ್ಪ್ರಿಂಗ್ ಸಮೇತ ನೋಡಬಹುದು.